ಹಾಲಮ್ಮನ ಅಂಗಳದ ನೀರು

ಸೈಟು ಕೊಳ್ಳುವವರು ಜೋರು ಮಳೆ ಬರುವಾಗ ಕೊಡೆ ಹಿಡಿದು ಹೋಗಿ ನೋಡಿ ಕೊಳ್ಳಿ ಅಂತ ಇಪ್ಪತ್ತೆರಡು ವರ್ಷದಿಂದ ಬಾಯಿ ಬಡ್ಕೊಳ್ತಾ ಇದೀನಿ. ಒಬ್ಬರಾದರೂ ಕೇಳಿದಾರಾ? ಎಲ್ಲರೂ ಬೇಸಿಗೆಯಲ್ಲೇ ಹೋಗ್ತಾರೆ. ನೆಲ ಒಣಗಿ ಗಟ್ಟಿಯಾಗಿರುತ್ತೆ, "ಆಹಾ, ಎಂಥಾ ಸಮತಟ್ಟು!" ಅಂತ ಖುಷಿಪಟ್ಟು ಅಡ್ವಾನ್ಸು ಕೊಟ್ಟು ಬರ್ತಾರೆ. ಸಮತಟ್ಟು ಸೈಟಿನಷ್ಟು ದೊಡ್ಡ ತಲೆನೋವು ಇನ್ನೊಂದಿಲ್ಲ ಸ್ವಾಮಿ. ನೀರಿಗೆ ಇಳಿಜಾರು ಬೇಕು. ಹತ್ತಡಿಗೆ ಒಂದೂಕಾಲು ಇಂಚಾದರೂ ಬೇಕು. ಅದೂ ಮನೆಯಿಂದ ಆಚೆಗೆ ಇಳಿಯಬೇಕು, ಪಕ್ಕದ ಮನೆಯವರ ಅಡುಗೆಮನೆ ಕಡೆಗಲ್ಲ, ಮೋರಿ ಕಡೆಗೆ. ಬೇರೆ ಊರುಗಳಲ್ಲಿ ಇಷ್ಟು ಮಾಡಿದರೆ ಇಂಜಿನಿಯರನ ಕೆಲಸ ಮುಗೀತಂತೆ. ಪುಣ್ಯವಂತರು. ನಮ್ಮೂರಲ್ಲಿ ಅದಾದ ಮೇಲೆ ನೀರಿಗೆ ಹೇಳಬೇಕು.

ಹೇಳದಿದ್ದರೆ ಅದು ಹೋಗಲ್ಲ. ಎಷ್ಟು ಇಳಿಜಾರಿದ್ದರೂ ಅಲ್ಲೇ ನಿಂತು ಮುಖ ನೋಡುತ್ತೆ. ಯಾರೋ ದಾರಿಹೋಕರು ಹೇಳಿದರೂ ಕೇಳಲ್ಲ, ಸೈಟಿನ ಖಾತೆ ಯಾರ ಹೆಸರಲ್ಲಿದೆಯೋ ಅವರ ಮಾತನ್ನು ಮಾತ್ರ ಕೇಳುತ್ತೆ. ಹಾಗಾಗಿ ನಮ್ಮೂರಲ್ಲಿ ಖಾತೆದಾರರು ಬಾಯಿ ಬಿಗಿಹಿಡಿದು ಬದುಕೋದನ್ನು ಕಲಿತಿದ್ದಾರೆ. ನಾನೇ ಒಂದು ಸಲ ಬಚ್ಚಲಲ್ಲಿ ತಲೆತುಂಬಾ ಸೀಗೆಪುಡಿ ಹಚ್ಚಿಕೊಂಡು, ಬೀದಿಯಲ್ಲಿ ಹೋಗ್ತಿದ್ದ ಸೊಪ್ಪಿನವಳಿಗೆ "ನಿಲ್ಲಮ್ಮಾ" ಅಂತ ಕೂಗಿದೆ. ನಲ್ಲಿ ನಿಂತುಹೋಯ್ತು. ಸೊಪ್ಪಿನವಳು ನಿಲ್ಲಲಿಲ್ಲ.

ಕಟ್ಟಡದ ಪರವಾನಗಿಗೆ ನಮ್ಮ ಪುರಸಭೆಯಲ್ಲಿ ಎರಡು ಕಾಗದ ಕೊಡಬೇಕು. ಒಂದು ಲೆವೆಲ್ಲು ತೋರಿಸುವ ನಕ್ಷೆ, ಇನ್ನೊಂದು ಮಾತಿನ ಪತ್ರ. ನೀರಿಗೆ ಏನು ಹೇಳ್ತೀರಿ ಅಂತ ಅದರಲ್ಲಿ ಬರೆದು ಮಂಜೂರು ಮಾಡಿಸಿಕೊಳ್ಳಬೇಕು. ನಕ್ಷೆ ಎಂಟು ದಿನಕ್ಕೆ ಬರುತ್ತೆ, ಮಾತಿಗೆ ಮೂರು ವಾರ. ಒಬ್ಬ ಕನ್ನಡ ಮೇಷ್ಟ್ರು "ಓ ಜಲಧಾರೆಯೇ" ಅಂತ ಶುರು ಮಾಡಿ ಅರ್ಧ ಪುಟ ಬರೆದುಕೊಟ್ಟಿದ್ದರು. ಸಂಬೋಧನೆ ಮುಗಿಯೋಷ್ಟರಲ್ಲಿ ಪಾಯ ಮುಳುಗುತ್ತೆ ಅಂತ ವಾಪಸು ಕಳಿಸಿದರು. ಅದಕ್ಕೇ ನಾನು ಎಲ್ಲರಿಗೂ ಒಂದೇ ವಾಕ್ಯ ಬರೆಯೋದು: "ನೀರೇ, ಮೋರಿಗೆ ಹೋಗು." ಚಿಕ್ಕದು, ಚೊಕ್ಕದು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಕೈಕೊಟ್ಟಿರಲಿಲ್ಲ. ಸರ್ವಮಂಗಳನ ಗಿರಣಿ ಬರುವ ತನಕ.

ಸರ್ವಮಂಗಳ ಹನ್ನೊಂದು ವರ್ಷ ಬೇರೆಯವರ ಹಿಟ್ಟಿನ ಗಿರಣಿಯಲ್ಲಿ ದುಡಿದವಳು. ಹುಬ್ಬು, ರೆಪ್ಪೆ, ಕಿವಿಯ ಹಿಂದೆಲ್ಲಾ ಯಾವಾಗಲೂ ಬಿಳೀ ಹಿಟ್ಟು. ಸ್ವಂತ ಗಿರಣಿ ಹಾಕಿಯೇ ತೀರ್ತೀನಿ ಅಂತ ಹಠ ಹಿಡಿದು, ಮನೆ ಮುಂದಿನ ಜಾಗದಲ್ಲಿ ಶೆಡ್ಡು ಕಟ್ಟಿಸಿದಳು. ಹೊಸಾ ಮಷೀನು ತಂದು ಟಾರ್ಪಾಲು ಮುಚ್ಚಿ ಇಟ್ಟಿದ್ದಳು. ಗಂಡ ಲಾರಿ ಡ್ರೈವರ್, ಹದಿನೈದು ದಿನಕ್ಕೊಮ್ಮೆ ಮನೆ ನೋಡುವವನು. ಮನೆಯಲ್ಲಿರೋದು ಇವಳು, ಮತ್ತೆ ಅತ್ತೆ ಹಾಲಮ್ಮ. ಜಾಗದ ಖಾತೆ ಹಾಲಮ್ಮನ ಹೆಸರಲ್ಲಿ.

ಹಾಲಮ್ಮಜ್ಜಿಯಷ್ಟು ಮರ್ಯಾದಸ್ಥ ಹೆಂಗಸನ್ನ ನಾನು ಕಂಡಿಲ್ಲ. ಸಿಮೆಂಟು ಇಳಿಸೋಕೆ ಬಂದ ಕೂಲಿಯವರಿಗೂ ಚಾಪೆ ಹಾಕಿ, "ಉಂಡ್ರಾ ಮಕ್ಕಳಾ?" ಅಂತ ಕೇಳುವ ಜೀವ. ಬೀದಿನಾಯಿಗೂ "ಏನವ್ವಾ" ಅಂತಲೇ ಮಾತು. ಇಂಥವರ ಮನೆ ಕೆಲಸ ಕೈಗೆ ತಗೊಂಡರೆ ಕೆಲಸ ಸಲೀಸು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೊದಲ ಪರೀಕ್ಷೆಗೆ ಪುರಸಭೆಯ ಪರಿವೀಕ್ಷಕರು ವೃಷಭೇಂದ್ರಯ್ಯನವರು ಬಂದರು. ಅವರ ಹೆಸರು ಕೇಳಿದರೆ ಮೇಸ್ತ್ರಿಗಳ ಕೈಯಿಂದ ಕರಣೆ ಜಾರುತ್ತೆ. ಲಂಚ ಮುಟ್ಟಲ್ಲ, ಕಾಫಿ ಮುಟ್ಟಲ್ಲ, ಸಕ್ಕರೆ ಇಲ್ಲದ ಟೀ ಒಂದು ಮಾತ್ರ. ಪರೀಕ್ಷೆ ಅಂದ್ರೆ ಇಷ್ಟೇ. ಅಂಗಳಕ್ಕೆ ಒಂದು ಟ್ಯಾಂಕರು ನೀರು ಸುರೀತಾರೆ, ಖಾತೆದಾರರು ಮಂಜೂರಾದ ಮಾತು ಹೇಳ್ತಾರೆ, ನೀರು ಹೋಗಬೇಕು. ಹೋದ ಮೇಲೆ ಒಂದು ಗಂಟೆ ಕಾದು ನೋಡಿ ಸರ್ಟಿಫಿಕೇಟಿಗೆ ಸಹಿ ಹಾಕ್ತಾರೆ. ಮೂರು ಸಲ ಪರೀಕ್ಷೆಯಲ್ಲಿ ನೀರು ಉಳಿದರೆ ಆ ಸೈಟನ್ನ ದಫ್ತರದಲ್ಲಿ ಕೆರೆ ಅಂತ ಬರೆದುಬಿಡ್ತಾರೆ. ಒಮ್ಮೆ ಕೆರೆ ಆಯ್ತು ಅಂದ್ರೆ ಮುಗೀತು, ಅಲ್ಲಿ ಗಿರಣಿ, ಅಂಗಡಿ ಯಾವುದೂ ಇಲ್ಲ. ನಮ್ಮೂರಲ್ಲಿ ಇಂಥಾ ಕೆರೆಗಳು ಹದಿನಾಲ್ಕಿವೆ. ಒಂದು ಕೆರೆಯಲ್ಲಿ ಎರಡಂತಸ್ತಿನ ಮನೆಯಿದೆ, ಮನೆಯವರಿಗೆ ವರ್ಷವರ್ಷ ಮೀನು ಹಿಡಿಯುವ ಲೈಸೆನ್ಸು ಬರುತ್ತೆ.

ಹಾಲಮ್ಮಜ್ಜಿ ಜಗುಲಿ ಮೇಲೆ ನಿಂತು, ತಲೆ ಮೇಲೆ ಸೆರಗು ಹೊದ್ದು, ಅದರ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದಳು. ಪೂರ್ತಿ ಕೇಳಿಸಲಿಲ್ಲ, ವಯಸ್ಸಾದವರು, ನಾಚಿಕೆ ಅಂದುಕೊಂಡೆವು. ನೀರು ಎದ್ದು ಹೊರಟಿತು. ನಾನು ಕೊಟ್ಟ ಇಳಿಜಾರಿನಲ್ಲಿ ಒಂದು ಹನಿ ಅತ್ತಿತ್ತ ಆಗದೆ, ಕೆಸರು ಕೂರುವ ಚೇಂಬರಿನಲ್ಲಿ ಮಣ್ಣು ಬಿಟ್ಟು, ಮೋರಿಗೆ ಇಳೀತು. ಸರ್ವಮಂಗಳ ಚಪ್ಪಾಳೆ ತಟ್ಟಿದಳು, ಹಿಟ್ಟು ಹಾರಿತು. ನಲವತ್ತು ನಿಮಿಷ ಆಯ್ತು. ವೃಷಭೇಂದ್ರಯ್ಯನವರು ಟೀ ಲೋಟ ಬಾಯಿಗೆ ಇಟ್ಟಿದ್ದರು. ನೀರು ಮೋರಿಯಿಂದ ಮೇಲೆದ್ದು, ಅಚ್ಚುಕಟ್ಟಾಗಿ ಗೇಟಿನಲ್ಲೇ ಒಳಗೆ ಬಂದು, ಅಂಗಳದಲ್ಲಿ ತನ್ನ ಜಾಗದಲ್ಲಿ ನಿಂತಿತು. ಬರುವಾಗ ಯಾರದೋ ಒಂದು ಎಡಗಾಲಿನ ಚಪ್ಪಲಿ, ಎರಡು ನಿಂಬೆಹಣ್ಣು ತಂದಿತ್ತು.

"ಏನ್ರೀ ಇಂಜಿನಿಯರ್ರೇ, ನಿಮ್ಮ ನೀರು ಸಂತೆಗೆ ಹೋಗಿತ್ತಾ?" ಅಂದರು ವೃಷಭೇಂದ್ರಯ್ಯನವರು.

ಮಾನ ಹೋಯ್ತು. ಎಂಟು ದಿನ ಬಿಟ್ಟು ಎರಡನೇ ಪರೀಕ್ಷೆ. ಅದಕ್ಕೆ ಮುಂಚೆ ಅಂಗಳ ಕಿತ್ತು ಇಳಿಜಾರನ್ನ ಒಂದೂವರೆ ಇಂಚಿಗೆ ಏರಿಸಿದೆ. ಅವತ್ತೂ ನೀರು ಚೆನ್ನಾಗಿಯೇ ಹೋಯ್ತು, ನಲವತ್ತು ನಿಮಿಷಕ್ಕೆ ಸರಿಯಾಗಿ ವಾಪಸು ಬಂತು. ಈ ಸಲ ಒಂದು ಪ್ಲಾಸ್ಟಿಕ್ ಮಗ್ಗು ತಂದಿತ್ತು. ಹಾಲಮ್ಮಜ್ಜಿ ಅದನ್ನ ತೊಳೆದು ಇಟ್ಟುಕೊಂಡಳು.

ಸರ್ವಮಂಗಳ ಟಾರ್ಪಾಲು ಮುಚ್ಚಿದ ಮಷೀನಿಗೆ ಒರಗಿ ಕೂತು ಅತ್ತಳು. ಹಿಟ್ಟು ಮೆತ್ತಿದ ಮುಖದ ಮೇಲೆ ಕಣ್ಣೀರು ಇಳಿದು ಎರಡು ದಾರಿ ಆಗಿತ್ತು. "ಕೊಟ್ರೇಶಣ್ಣ, ಇನ್ನೊಂದೇ ಸಲ ಇರೋದು. ಕೆರೆ ಆದ್ರೆ ನಾನು ಮತ್ತೆ ಬೇರೆಯವರ ಗಿರಣೀಲಿ ಜರಡಿ ಹಿಡೀಬೇಕು. ಹನ್ನೊಂದು ವರ್ಷ ಹಿಡಿದೀನಣ್ಣಾ, ಇನ್ನು ಆಗಲ್ಲ." ನನ್ನ ತಪ್ಪು ಅಂತಲೇ ಅಂದುಕೊಂಡೆ.

ಮಾರನೇ ದಿನ ಬೆಳಗ್ಗೆಯೇ ಲೆವೆಲ್ ಪೈಪು ತಗೊಂಡು ಹೋದೆ. ನೀರು ತುಂಬಿದ ಆ ಸಣ್ಣ ಪೈಪು ಹಿಡಿದು ಮೂಲೆ ಮೂಲೆ ಅಳೆಯುವಾಗ ಖಾತೆದಾರರು ಹತ್ತಿರ ಮಾತಾಡಬಾರದು, ಮಾತಾಡಿದರೆ ಪೈಪಿನ ನೀರು ಅವರ ಕಡೆ ತಿರುಗಿ ಕಿವಿಗೊಟ್ಟು ಲೆವೆಲ್ಲು ತಪ್ಪುತ್ತೆ. ಹಾಲಮ್ಮಜ್ಜಿಗೆ ಒಂದು ಬೆಲ್ಲದಚ್ಚು ಕೊಟ್ಟು ಬಾಯಲ್ಲಿ ಇಟ್ಕೊಳ್ಳಿ ಅಂದೆ. ಎಲ್ಲ ಅಳೆದೆ. ಗಿರಣಿಯ ನೆಲ ರಸ್ತೆ ನಡುವಿಗಿಂತ ಒಂದೂವರೆ ಅಡಿ ಎತ್ತರ, ಸರಿ. ಅಂಗಳದ ಇಳಿಜಾರು ಸರಿ. ಮೋರಿಯ ತಳ ಸರಿ. ಚರಂಡಿಯೊಳಗೆ ಕಸ ಇಲ್ಲ. ದೋಷ ಹುಡುಕಿದರೆ ಸಿಗಲ್ಲ, ಹುಡುಕದಿದ್ದರೆ ಮೂರನೇ ಪರೀಕ್ಷೆ. ತಲೆ ಕೆಟ್ಟು ಜಲ್ಲಿ ರಾಶಿ ಮೇಲೆ ಕೂತೆ.

"ಅಜ್ಜೀ," ಅಂದೆ, "ಅವತ್ತು ನೀರಿಗೆ ಏನಂದ್ರಿ, ಅಂದ ಹಾಗೇ ಅನ್ನಿ ನೋಡೋಣ."

ಬೆಲ್ಲ ನುಂಗಿ ಹೇಳಿದಳು. "ನೀನು ಬರೆದುಕೊಟ್ಟಿದ್ದೇ ಅಂದೆ ಮಗಾ. ನೀರೇ, ಮೋರಿಗೆ ಹೋಗಿ ಬಾರವ್ವಾ."

"ಏನಂದ್ರಿ?"

"ಹೋಗಿ ಬಾರವ್ವಾ ಅಂದೆ."

ನಾನು ಹಣೆ ಹಣೆ ಚಚ್ಚಿಕೊಂಡೆ. "ಅಯ್ಯೋ ಅಜ್ಜೀ! ಹೋಗು ಅಂತ ಬರೆದಿದ್ದೆ! ನೀವು ಬಾ ಅಂದ್ರೆ ಅದು ಬರದೆ ಏನು ಮಾಡುತ್ತೆ?"

"ಬಾಗಿಲಲ್ಲಿ ನಿಂತು ಹೋಗು ಅಂತಾರೇನೋ ಯಾರಾದ್ರೂ?" ಅಂತ ಅಜ್ಜಿ ನನ್ನನ್ನೇ ಗದರಿಸಿದಳು. "ಬಂದೋರಿಗೆ ಹೋಗಿ ಬನ್ನಿ ಅನ್ಬೇಕು. ಹೋಗು ಅನ್ನೋದು ಪೀಡೆಗೆ. ನನ್ನ ಮಗ ಇಪ್ಪತ್ತು ವರ್ಷದಿಂದ ಲಾರಿ ಓಡಿಸ್ತಾನೆ. ಘಾಟಿ ಇಳೀತಾನೆ, ರಾತ್ರಿ ನಿದ್ದೆ ಕೆಡ್ತಾನೆ. ಒಂದೊಂದು ಸಲಾನೂ ಹೋಗಿ ಬಾ ಅಂದೀನಿ, ಒಂದೊಂದು ಸಲಾನೂ ಬಂದಾನೆ. ಈ ನಾಲಿಗೆಗೆ ಹೋಗು ಅನ್ನೋದು ರೂಢಿ ಆದ್ರೆ, ನಾಳೆ ಅವನ ಎದುರಿಗೂ ಜಾರುತ್ತೆ. ನಿನ್ನ ಇಳಿಜಾರಲ್ಲಿ ನೀರು ಜಾರೋ ಹಾಗೆ."

ಸರ್ವಮಂಗಳನೂ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅತ್ತೆಯನ್ನು ಬೈಯಬಹುದಿತ್ತು, ಬೈಯಲಿಲ್ಲ. "ಅತ್ತೆ ಬಾಯಲ್ಲಿ ಬೇಡದ ಮಾತು ಅನ್ನಿಸಬೇಡಿ ಅಣ್ಣ, ಬೇರೆ ಏನಾದ್ರೂ ಮಾಡಿ" ಅಂದಳು. ಖಾತೆ ಬದಲಾಯಿಸೋಣ ಅಂದರೆ ಮೂರು ತಿಂಗಳು ಬೇಕು, ಪರೀಕ್ಷೆಗೆ ಇರೋದು ಐದು ದಿನ.

ಬೇರೆ ಏನು ಮಾಡೋದು? ಬರುವ ನೀರು ಬರಲಿ, ಅಂಗಳಕ್ಕೆ ಮಾತ್ರ ಬರದಿರಲಿ ಅಂತ ಯೋಚನೆ ಮಾಡಿ ಹಿತ್ತಲಲ್ಲಿ ಒಂದು ಇಂಗುಗುಂಡಿ ತೋಡಿಸಿದೆ. ಆರಡಿ ಆಳ, ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಗೋಡೆ ಪಕ್ಕದಲ್ಲಿ ತೋಡಬೇಡಿ, ಪಾಯ ನೆನೆಯುತ್ತೆ. ಕನಿಷ್ಠ ಹತ್ತಡಿ ದೂರ ಇರಲಿ. ಗೇಟಿನಿಂದ ಹಿತ್ತಲಿಗೆ ಒಂದು ಕಾಲುವೆಯನ್ನೂ ಎಳೆದೆ. ಎಲ್ಲ ಮಾಡಿದ ಮೇಲೆ ನೆನಪಾಯ್ತು, ಮೊದಲು ಪರವಾನಗಿ ಆಮೇಲೆ ಗುದ್ದಲಿ ಅಂತ ಊರಿಗೆಲ್ಲಾ ಹೇಳುವವನು ನಾನೇ.

ಓಡಿಹೋಗಿ ಅರ್ಜಿ ಕೇಳಿದೆ. ಕೌಂಟರಿನ ಗುಮಾಸ್ತ ಕನ್ನಡಕ ಏರಿಸಿ ಕಟ್ಟು ಬಿಚ್ಚಿ ಹುಡುಕಿದ. "ನೀರು ಹೋಗೋದಕ್ಕೆ ನಮೂನೆ ಇದೆ ಸಾರ್. ಬರೋದಕ್ಕೆ ಇಲ್ಲ. ಬಂದು ಉಳ್ಕೊಳ್ಳೋರಿಗೆ ಅಂದ್ರೆ ಲಾಡ್ಜಿಂದು ಇದೆ, ಕೊಡ್ಲಾ?" ಬೇರೆ ಗತಿ ಇಲ್ಲದೆ ಅದನ್ನೇ ತುಂಬಿದೆ. ಹೆಸರು: ನೀರು. ಎಲ್ಲಿಂದ ಬಂದದ್ದು: ಮೋರಿಯಿಂದ. ಎಷ್ಟು ದಿನ ತಂಗುವುದು: ಇಂಗುವ ತನಕ. ತಂದೆಯ ಹೆಸರು ಅನ್ನೋ ಕಡೆ ಗೆರೆ ಎಳೆದೆ. ಗೆರೆ ಎಳೆದದ್ದಕ್ಕೆ ಅರ್ಜಿ ತಿರಸ್ಕಾರ ಆಯ್ತು.

ಮೂರನೇ ಪರೀಕ್ಷೆಯ ದಿನ ಮಧ್ಯಾಹ್ನ ವೃಷಭೇಂದ್ರಯ್ಯನವರು ಬಂದು ಮೊದಲು ಹಿತ್ತಲಿಗೇ ಹೋದರು. ನಕ್ಷೆ ಬಿಡಿಸಿದರು, ಗುಂಡಿ ನೋಡಿದರು, ಮತ್ತೆ ನಕ್ಷೆ ನೋಡಿದರು. "ಇದು ಇಲ್ಲಿಲ್ಲ," ಅಂದರು. "ಇಲ್ಲದ ಗುಂಡಿಯನ್ನು ನಾನು ನೋಡಲ್ಲ. ಮುಚ್ಚಿ." ನಾಲ್ಕು ಜನ ಸೇರಿ ಗುಂಡಿ ಮೇಲೆ ಕಲ್ಲು ಚಪ್ಪಡಿ ಎಳೆದರು. ನನ್ನ ಎದೆ ಮೇಲೆ ಎಳೆದ ಹಾಗೇ ಆಯ್ತು.

ಟ್ಯಾಂಕರು ನೀರು ಸುರೀತು. ಅಂಗಳ ತುಂಬಿತು. ವೃಷಭೇಂದ್ರಯ್ಯನವರು ಗೇಟಿನ ಹತ್ತಿರ ಹಾಕಿದ್ದ ಮೇಜಿನ ಮೇಲೆ ಟೀ ಲೋಟ ಇಟ್ಟುಕೊಂಡು ಕೂತರು. ಬೀದಿಯವರೆಲ್ಲ ಕಾಂಪೌಂಡಿನ ಮೇಲೆ ಕೂತರು, ಒಬ್ಬಾತ ಗಾಳ ಬೇರೆ ತಂದಿದ್ದ, ದರಿದ್ರದವನು. ಹಾಲಮ್ಮಜ್ಜಿ ಜಗುಲಿಗೆ ಬಂದಳು. ಸೊಸೆಯ ಮುಖ ನೋಡಿದಳು, ನೀರಿನ ಮುಖ ನೋಡಿದಳು. ಬಾಯಿ ತೆರೆದಳು. "ನೀರೇ, ಮೋರಿಗೆ ಹೋ…" ಅಂದು ನಿಲ್ಲಿಸಿದಳು. ನೀರು ಅರ್ಧ ಎದ್ದು ಹಾಗೇ ನಿಂತಿತು. "ಹೋ…" ಅಂದಳು ಮತ್ತೆ. ಬೆವರು ಇಳೀತಿತ್ತು ಪಾಪ. ಕೊನೆಗೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ತಲೆ ಆಡಿಸಿದಳು. ಆಗಲಿಲ್ಲ. ನೀರು ಕೂತುಕೊಂಡಿತು.

"ಆಯ್ತಲ್ಲ," ಅಂತ ವೃಷಭೇಂದ್ರಯ್ಯನವರು ಪೆನ್ನಿನ ಟೋಪಿ ತೆಗೆದರು. ಅಷ್ಟಕ್ಕೇ ಬರೆದು ಹೋಗಿದ್ದರೆ ನಾನೂ ಏನೂ ಅನ್ನುತ್ತಿರಲಿಲ್ಲ, ಅದು ಅವರ ಕೆಲಸ. ಆದರೆ ಮನುಷ್ಯನಿಗೆ ಕಾಂಪೌಂಡಿನ ಮೇಲೆ ಜನ ಕೂತಿದ್ದಾರೆ ಅಂದ್ರೆ ನಾಲಿಗೆ ಉದ್ದ ಆಗುತ್ತೆ. ಸರ್ವಮಂಗಳನ ಕಡೆ ತಿರುಗಿ ನಕ್ಕರು. "ಏನಮ್ಮಾ, ಇನ್ನೊಬ್ಬರ ಗಿರಣೀಲಿ ಹಿಟ್ಟು ಬಳಿಯೋರಿಗೆ ಸ್ವಂತ ಗಿರಣಿ ಯಾಕೆ ಬೇಕಿತ್ತು? ಯೋಗ್ಯತೆ ನೋಡ್ಕೊಂಡು ಆಸೆ ಪಡಬೇಕು. ಮೀನು ಸಾಕು ಹೋಗು, ಕೆರೆ ನಾನೇ ಬರೆದುಕೊಡ್ತೀನಿ."

ಸರ್ವಮಂಗಳ ತಲೆ ಬಗ್ಗಿಸಿದಳು. ಕಾಂಪೌಂಡಿನ ಮೇಲೆ ಯಾರೋ ಕಿಸಕ್ ಅಂದರು.

ಆಗ ಹಾಲಮ್ಮಜ್ಜಿ ಸೆರಗು ಸೊಂಟಕ್ಕೆ ಸಿಗಿಸಿ ಜಗುಲಿ ಇಳಿದಳು. ಇಪ್ಪತ್ತು ವರ್ಷದಿಂದ ಕೂಡಿಟ್ಟಿದ್ದಳೋ ಏನೋ, ಎಲ್ಲ ಒಂದೇ ಸಲ ಬಂತು. "ಏಯ್! ಯಾರ ಯೋಗ್ಯತೆ ಅಂತೀಯೋ? ನನ್ನ ಸೊಸೆ ಹನ್ನೊಂದು ವರ್ಷ ಊರಿಗೆ ರೊಟ್ಟಿ ಹಿಟ್ಟು ಬೀಸ್ಯಾಳೆ, ನೀನು ತಿಂದ ರೊಟ್ಟೀನೂ ಅವಳು ಬೀಸಿದ್ದೇ! ನನ್ನ ಬಾಗಿಲಿಗೆ ಬಂದು ನನ್ನ ಮನೆ ಹೆಣ್ಣುಮಗಳನ್ನ ಅಂತೀಯಾ? ಹೋಗು! ಹೋಗು ಆಚೆ! ಎದ್ದು ಹೋಗು!"

ವೃಷಭೇಂದ್ರಯ್ಯನವರು ಎದ್ದರು. ನೀರೂ ಎದ್ದಿತು.

ಅಂಥಾ ಹೋಗೋದನ್ನ ನಾನು ಕಂಡಿರಲಿಲ್ಲ. ಅಂಗಳದ ನೀರು ಗೇಟಿಗೆ ಡಿಕ್ಕಿ ಹೊಡೆದು ಹೋಯ್ತು. ಅಡುಗೆಮನೆಯ ಕೊಡಗಳು ಬಡಬಡ ಉರುಳಿ ಖಾಲಿಯಾದವು. ನನ್ನ ಲೆವೆಲ್ ಪೈಪಿನ ನೀರು ಎರಡೂ ತುದಿಯಿಂದ ಚಿಮ್ಮಿ ಓಡಿತು. ಮೇಜಿನ ಮೇಲೆ ಕುಯ್ದಿಟ್ಟಿದ್ದ ಎಳನೀರು ಹೋಯ್ತು, ಕಾಯಿ ಉಳೀತು. ವೃಷಭೇಂದ್ರಯ್ಯನವರ ಟೀ ಲೋಟದಿಂದ ಹಾರಿ ಅವರ ಮುಂದೆಯೇ ರಸ್ತೆಗೆ ಬಿತ್ತು, ಲೋಟದ ತಳದಲ್ಲಿ ಟೀಪುಡಿ ಮಾತ್ರ. ಕಾಂಪೌಂಡಿನ ಜನರಿಗೆ ಬಾಯಿ ಒಣಗಿತು. ಅಂಗಳ ಹಪ್ಪಳ ಒಣಗಿಸುವಷ್ಟು ಬೆಳ್ಳಗಾಯ್ತು.

ವೃಷಭೇಂದ್ರಯ್ಯನವರು ಹೋಗಲಿಲ್ಲ. ಗೇಟಿನ ಆಚೆ ರಸ್ತೆಯಲ್ಲಿ ನಿಂತು, ಗಡಿಯಾರ ನೋಡುತ್ತಾ ಒಂದು ಗಂಟೆ ಕಾದರು. ನಲವತ್ತು ನಿಮಿಷ ಆಯ್ತು, ಬರಲಿಲ್ಲ. ಒಂದು ಗಂಟೆ ಆಯ್ತು, ಬರಲಿಲ್ಲ. ಗೇಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿ ಸರ್ವಮಂಗಳನ ಕೈಗೆ ಕೊಟ್ಟರು. "ಮಾತು ಮಂಜೂರಾದ್ದಕ್ಕಿಂತ ಸ್ವಲ್ಪ ಉದ್ದ ಆಯ್ತು," ಅಂದರು. ಆಮೇಲೆ ನೆಲ ನೋಡಿಕೊಂಡು, "ನಾನು ಹಾಗೆ ಅನ್ನಬಾರದಿತ್ತಮ್ಮ" ಅಂದು ಹೊರಟರು. ಎಷ್ಟಾದರೂ ನಿಯಮದ ಮನುಷ್ಯ.

ಬೀದಿಯವರು ಶಿಳ್ಳೆ ಹಾಕಿದರು. ನಾನು ಮಷೀನಿನ ಟಾರ್ಪಾಲು ಎಳೆದೆ. ಸರ್ವಮಂಗಳ ಸರ್ಟಿಫಿಕೇಟು ಎದೆಗೊತ್ತಿಕೊಂಡು ಅತ್ತೆಯನ್ನು ಹುಡುಕಿದಳು. ಹಾಲಮ್ಮಜ್ಜಿ ಜಗುಲಿಯ ಮೂಲೆಯಲ್ಲಿ ಕುಗ್ಗಿ ಕೂತಿದ್ದಳು.

"ಅಂದುಬಿಟ್ನಲ್ಲೇ," ಅಂದಳು. "ಬಾಗಿಲಲ್ಲಿ ನಿಂತು ಹೋಗು ಅಂದುಬಿಟ್ಟೆ. ನೀರಿಗಲ್ಲ ಅಂದದ್ದು, ಆದರೆ ಅದು ಕೇಳಿಸ್ಕೊಂಡು ಹೋಯ್ತು. ಮಗ ದಾರೀಲಿದಾನೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ."

ಸಮಾಧಾನ ಮಾಡೋಣ ಅಂದರೆ ಅಜ್ಜಿಗೆ ಕುಡಿಸೋಕೆ ಮನೆಯಲ್ಲಿ ಒಂದು ಹನಿ ನೀರಿಲ್ಲ. ಪಕ್ಕದ ಮನೆಯಿಂದ ಚೊಂಬು ತಂದರೆ ಗೇಟು ದಾಟುವಾಗಲೇ ಚೊಂಬು ಖಾಲಿ. ನಾನು ಸರ್ವಮಂಗಳನಿಗೆ ಹೇಳಿದೆ, "ನೋಡವ್ವಾ, ಈಗ ಏನೂ ಮುಟ್ಟಬೇಡ. ಸಹಿ ಆಗಿದೆ. ಆ ನೀರು ವಾಪಸು ಬಂದು ಮಷೀನಿಗೆ ನುಗ್ಗಿದರೆ ಎಲ್ಲ ಅಂಬಲಿ ಆಗುತ್ತೆ." ಅವಳು ಸರ್ಟಿಫಿಕೇಟನ್ನು ಮಷೀನಿನ ಮೇಲಿಟ್ಟು, ಅತ್ತೆಯ ಕೈ ಹಿಡಿದು ಎಬ್ಬಿಸಿದಳು. "ಏಳಿ ಅತ್ತೆ. ಹೋದ ನೀರನ್ನ ಕರ್ಕೊಂಡು ಬರೋಣ."

ಬೀದಿ ಕೊನೆಯ ಮೋರಿಯ ಸೇತುವೆ ಕೆಳಗೆ ನೀರು ನಿಂತಿತ್ತು. ಅಷ್ಟೂ ನೀರು, ಅಲ್ಲಾಡದೆ, ಮುಖ ತಿರುಗಿಸಿಕೊಂಡ ಹಾಗೆ. ಹಾಲಮ್ಮಜ್ಜಿ ಬಗ್ಗಿ ಕರೆದಳು. "ಬಾರವ್ವಾ. ತಪ್ಪು ತಿಳ್ಕೋಬೇಡ ಕಣವ್ವಾ, ನಿನಗೆ ಅಂದದ್ದಲ್ಲ." ನೀರು ಬರಲಿಲ್ಲ. ಮತ್ತೆ ಕರೆದಳು, ಕೈ ಮುಗಿದಳು. ಒಂದು ಅಲೆ ಕೂಡ ಏಳಲಿಲ್ಲ. ಖಾತೆದಾರರ ಮಾತು ಮೀರಿದ ನೀರನ್ನ ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿದ್ದು ಅದೇ ಮೊದಲು. ಅಜ್ಜಿ ಸೇತುವೆ ಕಟ್ಟೆಗೆ ಒರಗಿ ಅಳೋಕೆ ಶುರು ಮಾಡಿದಳು.

ಸರ್ವಮಂಗಳ ಚಪ್ಪಲಿ ಬಿಟ್ಟು ಮೋರಿಗೆ ಇಳಿದಳು. ಸೀರೆ ಎತ್ತಿ ಕಟ್ಟಿಕೊಂಡು ನೀರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ನೋಡು," ಅಂದಳು, "ನಮ್ಮತ್ತೆ ಹುಟ್ಟಿದಾಗಿನಿಂದ ಯಾರಿಗೂ ಆ ಮಾತು ಅಂದಿರಲಿಲ್ಲ. ನನಗೋಸ್ಕರ ಅಂದ್ರು. ನಮ್ಮವ್ವನೂ ನನಗೋಸ್ಕರ ಅಷ್ಟು ಮಾಡಿರಲಿಲ್ಲ. ಕೋಪ ಇದ್ರೆ ನನ್ನ ಮೇಲೆ ಇಟ್ಕೋ, ಗಿರಣಿ ಬೇಕಾದ್ರೆ ನೆನೆಸು. ಆದ್ರೆ ಮನೆಗೆ ಬಾ."

ನಾನು ಮೇಲಿಂದ ಕೂಗಿ ಹೇಳಿದೆ, "ತಾಯಿ, ನಿನ್ನ ಮಾತು ಅದು ಕೇಳಲ್ಲ, ಖಾತೆ ನಿನ್ನ ಹೆಸರಲ್ಲಿಲ್ಲ" ಅಂತ. ನಾನು ಬಾಯಿ ಮುಚ್ಚೋದರೊಳಗೆ ನೀರು ಎದ್ದಿತ್ತು. ಅವಳ ಕಾಲು ಬಳಸಿಕೊಂಡು ಮೇಲೆ ಹತ್ತಿತು, ಅತ್ತೆ ಸೊಸೆ ಮುಂದೆ, ಅದು ಹಿಂದೆ, ಬೀದಿಯುದ್ದಕ್ಕೂ ಬಂತು. ಗೇಟು ದಾಟಿ ಗಿರಣಿಯ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು ಮಷೀನು ನೋಡಿತು. ಆಮೇಲೆ ಪಕ್ಕಕ್ಕೆ ಸರಿದು, ಒಂದು ಹನಿ ಒಳಗೆ ಸಿಡಿಸದೆ, ಹಿತ್ತಲ ದಾರಿ ಹಿಡೀತು. ಚಪ್ಪಡಿ ಸರಿಸೋಕೆ ನಾನು ಎದ್ದೆನೋ ಬಿದ್ದೆನೋ ಅಂತ ಓಡಿದೆ.

ಮಾರನೇ ದಿನ ಪುರಸಭೆಗೆ ಹೋಗಿ ಖಾತೆ ಪುಸ್ತಕ ತೆಗೆಸಿ ನೋಡಿದೆ. ಹಾಲಮ್ಮ ಅಂತಲೇ ಇತ್ತು.